ಅಕ್ಕನ ಮೈಲಿಗಿ ಟಿಕೇಟು

ತವರೂರು ರಬಕವಿಗೆ ಹೋಗಿ, ನಗುವಂಥದ್ದು ಏನೂ ನಡೆಯದೆ ನಾನು ತಿರುಗಿ ಬಂದದ್ದೇ ಇಲ್ಲ. ಅದಕ್ಕೆ ನಾನು ಕಾರಣಳಲ್ಲ, ನನ್ನ ಅಕ್ಕ ಕಾರಣ. ಈ ಸಲ ಅಕ್ಕನನ್ನೇ ಜೊತೆಗೆ ಕರೆದುಕೊಂಡು ಬಂದೆ. ಹೀಗಾಗಿ ದಾರಿಯಲ್ಲಿ ಒಂದು ಗಳಿಗೆಯೂ ಖಾಲಿ ಹೋಗಲಿಲ್ಲ.

ನಾನಿರುವುದು ಕೋಲ್ಕತ್ತಾದಲ್ಲಿ. ಯಜಮಾನರು ಇಲ್ಲಿಯ ಸಣಬಿನ ಮಿಲ್ಲಿನಲ್ಲಿದ್ದರು; ಅವರು ಹೋದ ಮೇಲೆ ಮಗಳ ಜೊತೆ ಇದ್ದೇನೆ. ನಾನು ಮದುವೆಯಾಗಿ ಇಲ್ಲಿಗೆ ಬಂದು ನಲವತ್ತೆಂಟು ವರ್ಷವಾದರೂ ಅಕ್ಕ ನನ್ನ ಮನೆಗೆ ಬಂದಿರಲಿಲ್ಲ. ಕೇಳಿದರೆ ಮಗ್ಗದ ಮೇಲೆ ಸೀರೆ ಅರ್ಧ ಆಗಿದೆ ಎನ್ನುವಳು, ಇಲ್ಲವೆ ಎಮ್ಮೆ ಈದಿದೆ ಎನ್ನುವಳು. ಖರೆ ಕಾರಣ ನನಗೆ ಗೊತ್ತಿತ್ತು. ಅವ್ವ ತೀರಿಕೊಂಡಾಗ ನಾನು ಊರು ಮುಟ್ಟಿದ್ದು ಮೂರನೆಯ ದಿನ. "ಮನಸಿದ್ದಿದ್ರ ಮಣ್ಣಿಗೆ ಬರತಿದ್ದಿ. ಇನ್ನ ನಿನ್ನ ಮನಿ ಹೊಸ್ತಿಲಾ ನಾ ತುಳಿಯಂಗಿಲ್ಲ" ಎಂದು ಅಕ್ಕ ಅಂದುಬಿಟ್ಟಿದ್ದಳು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಇಬ್ಬರೂ ಮರೆಯಲೂ ಇಲ್ಲ. ಈಗ ಅವಳಿಗೆ ಎಪ್ಪತ್ತಾರು, ನನಗೆ ಎಪ್ಪತ್ತು. ಸಾಯುವುದರೊಳಗೆ ಅಕ್ಕ ಒಂದು ಸಲವಾದರೂ ನನ್ನ ಮನೆಯೊಳಗೆ ಕಾಲಿಡಬೇಕು, ಅಷ್ಟೇ ನನ್ನ ಆಸೆ.

ಯಾರು ಸತ್ತಾರ?

ನನ್ನ ಮಗಳು ಮಿಲ್ಲಿನ ಯಂತ್ರಗಳ ಕೆಲಸದ ಮೇಲೆ ದೇಶವೆಲ್ಲ ತಿರುಗುವವಳು. ವಿಮಾನದಲ್ಲಿ ತಿರುಗಿದಷ್ಟೂ ಅವಳ ಹೆಸರಿಗೆ ಮೈಲುಗಳು ಸೇರುತ್ತಾ ಹೋಗುತ್ತವಂತೆ. ಸಾಕಷ್ಟು ಸೇರಿದರೆ ಪುಕ್ಕಟೆ ಟಿಕೆಟ್ಟು. ಅದೂ ಎಲ್ಲರಿಗಿಂತ ಮುಂದೆ, ದೊಡ್ಡ ಕುರ್ಚಿಯ ಫಸ್ಟ್ ಕ್ಲಾಸಿನಲ್ಲಿ. ಬಳಸದಿದ್ದರೆ ಮೈಲುಗಳು ಹಾಳಾಗುತ್ತವೆ ಎಂದು ಅವಳು ನನಗೂ ಅಕ್ಕನಿಗೂ ಟಿಕೆಟ್ಟು ತೆಗೆಸಿದಳು. ನಾನು ರಬಕವಿಯಲ್ಲಿ ಅಕ್ಕನ ಎದುರು ಕುಳಿತಿದ್ದಾಗ ಅವಳದೇ ಫೋನು ಬಂತು.

"ದೊಡ್ಡವ್ವಾ, ಇದು ಮೈಲೇಜ್ ಟಿಕೆಟ್. ಹೊಳ್ಳಿ ಸಿಗಂಗಿಲ್ಲ. ಈ ಸಲ ನೀ ಬರಾಕ ಬೇಕು!"

ಅಕ್ಕ ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. "ಯಾರು ಸತ್ತಾರ ಬೇ?"

"ಯಾರೂ ಸತ್ತಿಲ್ಲ ಯಕ್ಕಾ."

"ಮತ್ತ ನಿನ್ನ ಮಗಳು ಮೈಲಿಗಿ ಟಿಕೇಟು ಅಂತಾಳ?"

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಂತೆ, ಸಾವಿನ ಮನೆಗೆ ಹೋಗುವವರಿಗೆ ವಿಮಾನ ಪುಕ್ಕಟೆ ಆಗಿದೆ ಎಂದು ಅವಳು ತಿಳಿದಿದ್ದಳು. ಪಕ್ಕದಲ್ಲೇ ಇದ್ದ ಅವಳ ಮಗ ತಿದ್ದಲು ಬಂದ. "ಮೈಲಿಗಿ ಅಲ್ಲವ್ವಾ, ಮೈಲೇಜು. ನನ್ನ ಗಾಡಿ ಲೀಟರಿಗೆ ಐವತ್ತು ಕೊಡತೈತಲ್ಲಾ, ಅದು."

"ಅಂದ್ರ ವಿಮಾನಕ್ಕ ಎಣ್ಣಿ ಕಡಿಮಿ ಹಾಕತಾರೇನು?" ಎಂದು ಅಕ್ಕ ಇನ್ನೂ ಗಾಬರಿಯಾದಳು. "ನಡುದಾರ್ಯಾಗ ತೀರಿದ್ರ?"

ಎರಡು ದಿನ ಬೇಡಿಕೊಂಡ ಮೇಲೆ ಒಂದು ಕರಾರಿನ ಮೇಲೆ ಒಪ್ಪಿದಳು. "ಬರತೇನಿ. ಆದ್ರ ಮನಸಿಗೆ ಬರಲಿಲ್ಲಂದ್ರ ಎಲ್ಲಿ ಅನಸ್ತೈತಿ ಅಲ್ಲೇ ಇಳದುಬಿಡತೇನಿ, ನೋಡ."

ವಿಮಾನದಲ್ಲಿ ಹಾಗೆ ನಡುದಾರಿಯಲ್ಲಿ ಇಳಿಯಲು ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಹತ್ತುತ್ತಲೇ ಇರಲಿಲ್ಲ.

ನಾಜೂಕು ವಸ್ತು

ಬೆಳಗಾವಿಯ ನಿಲ್ದಾಣದಲ್ಲಿ ಅಕ್ಕನ ಕೈಚೀಲ ಯಂತ್ರದೊಳಗೆ ಹೋಗಿ ಹೊರಗೆ ಬರಲಿಲ್ಲ. ಅಲ್ಲಿದ್ದ ಅಧಿಕಾರಿ ಹಿಂದಿಯವನು. ಚೀಲದಿಂದ ಒಂದು ವಸ್ತು ಎತ್ತಿ ಹಿಡಿದು, ಇದೇನು ಎಂದು ಕೇಳಿದ.

ನೋಡಿದರೆ ಲಾಳಿ! ಮಗ್ಗದಲ್ಲಿ ಆ ಕಡೆಯಿಂದ ಈ ಕಡೆಗೆ ನೂಲು ಒಯ್ಯುವ, ದೋಣಿಯಂಥ ಕಟ್ಟಿಗೆ. ಎರಡೂ ತುದಿಗೆ ಕಬ್ಬಿಣದ ಮೊನೆ.

"ಯಕ್ಕಾ, ಇದನ್ನ ಯಾಕ ತಂದಿ?"

"ನಾ ಇಲ್ಲದಾಗ ಸೊಸಿ ನನ್ನ ಮಗ್ಗಕ್ಕ ಕುಂತು ಸೀರಿ ದಡಿ ಕೆಡಸ್ತಾಳ. ಲಾಳಿನ ಇಲ್ಲಂದ್ರ ಏನ ನೇಯತಾಳ?"

ಬೇರೆಯವರು ಮನೆಯ ಕೀಲಿ ಒಯ್ಯುತ್ತಾರೆ. ನನ್ನ ಅಕ್ಕ ಲಾಳಿ ತಂದಿದ್ದಳು. ಮೊನೆಯಿರುವ ವಸ್ತು ಒಳಗೆ ಬಿಡುವುದಿಲ್ಲ ಎಂದ ಅಧಿಕಾರಿ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಹಂಗಾರ ನಾನೂ ಹೋಗಂಗಿಲ್ಲ," ಎಂದು ಅಕ್ಕ ಚಪ್ಪಲಿ ಹಾಕಿಕೊಳ್ಳತೊಡಗಿದಳು.

ನಲವತ್ತೆಂಟು ವರ್ಷದ ಮೇಲೆ ಕೈಗೆ ಬಂದ ಅಕ್ಕ ಬೆಳಗಾವಿಯಲ್ಲೇ ಜಾರಿಹೋಗುತ್ತಾಳೆ! ಅಧಿಕಾರಿಗೆ ಏನೆನಿಸಿತೋ, ಲಾಳಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಿಂದ ಏನು ಮಾಡುತ್ತಾರೆ ಎಂದು ಕೇಳಿದ. ಅಕ್ಕನಿಗೆ ಆ ಹಿಂದಿ ತಿಳಿಯಿತು. ಉಟ್ಟ ಸೀರೆಯ ಸೆರಗನ್ನು ಅವನ ಮುಂದೆ ಹಿಡಿದಳು. ಅವನು ಎರಡು ಬೆರಳಿನಿಂದ ಅಂಚಿನ ದಡಿ ಮುಟ್ಟಿದ. ಇಷ್ಟೂ ಕೈಯಲ್ಲೇ? ಎಂದ. ಸಾಲಿನಲ್ಲಿ ನಿಂತವರೂ ಬಗ್ಗಿ ನೋಡಿದರು.

ಕೊನೆಗೆ ಅವನೇ ವಿಮಾನ ಕಂಪನಿಯ ಹುಡುಗಿಯೊಬ್ಬಳನ್ನು ಕರೆಸಿ, ಲಾಳಿಯನ್ನು ನಮ್ಮ ದೊಡ್ಡ ಸಾಮಾನಿನ ಜೊತೆ ಕಳಿಸುವ ವ್ಯವಸ್ಥೆ ಮಾಡಿದ. ಹುಡುಗಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಮೇಲೊಂದು ಚೀಟಿ ಅಂಟಿಸಿದಳು.

"ಏನ ಬರದಾಳ?" ಎಂದಳು ಅಕ್ಕ.

"ನಾಜೂಕು ವಸ್ತು, ಸಾವಕಾಶ ಇಡ್ರಿ ಅಂತ."

"ನಾಜೂಕು? ಮಗ್ಗದಿಂದ ಹಾರಿ ಮಂದಿ ಹಣಿ ಒಡದೈತದು!"

ಪುಣ್ಯಕ್ಕೆ ಆ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ.

ಹೆಣ್ಣಮಕ್ಕಳ ಸೀಟು

ಬೆಳಗಾವಿಯಿಂದ ಬೆಂಗಳೂರಿನವರೆಗೆ ಸಣ್ಣ ವಿಮಾನ. ಅಕ್ಕ ಹತ್ತುವಾಗ ಮುಚ್ಚಿದ ಕಣ್ಣನ್ನು ಇಳಿಯುವಾಗಲೇ ತೆಗೆದಳು. ಹೀಗಾಗಿ ಅವಳು ನಿಜವಾಗಿ ವಿಮಾನ ನೋಡಿದ್ದು ಬೆಂಗಳೂರಿನಲ್ಲಿ, ಕೋಲ್ಕತ್ತಾದ ದೊಡ್ಡ ವಿಮಾನ ಹತ್ತಿದಾಗ.

ಫಸ್ಟ್ ಕ್ಲಾಸು ನೋಡಿ ನಾನೇ ಬಾಯಿ ತೆರೆದು ನಿಂತೆ. ಒಂದೊಂದು ಕುರ್ಚಿಯಲ್ಲಿ ಇಬ್ಬರು ಕೂರಬಹುದು. ಇಂಥ ಕುರ್ಚಿಯಲ್ಲಿ ನಮ್ಮೂರಲ್ಲಿ ಮದುವೆಯ ದಿನ ಮಾತ್ರ ಕೂರಿಸುತ್ತಾರೆ, ಅದೂ ಬಾಡಿಗೆಗೆ ತಂದು. ಗುಂಡಿ ಒತ್ತಿದರೆ ಕಾಲಿಗೊಂದು ಹಲಗೆ ತಾನೇ ಮೇಲೆ ಬರುತ್ತದೆ. ನಾನು ಅದನ್ನು ಏರಿಸುವುದು ಇಳಿಸುವುದು ಮಾಡುತ್ತಿದ್ದಾಗ ಅಕ್ಕ ಮುಂದಿನ ಸಾಲಿನಲ್ಲಿ ಯಾರೊಡನೆಯೋ ಮಾತಾಡುವುದು ಕೇಳಿಸಿತು.

"ಯಪ್ಪಾ, ನೋಡಾಕ ಕಲತಾಂವ ಕಾಣತಿ. ಇದು ಹೆಣ್ಣಮಕ್ಕಳ ಸೀಟು. ಏಳ, ಹಿಂದ ಹೋಗ."

ಕೋಟು ಟೈ ಹಾಕಿದ ಐವತ್ತರ ಆಸುಪಾಸಿನ ಗೃಹಸ್ಥರು. ನಮ್ಮ ಕಡೆಯ ಬಸ್ಸಿನಲ್ಲಿ ಮುಂದಿನ ಸೀಟುಗಳು ಹೆಣ್ಣುಮಕ್ಕಳಿಗೆ. ಗಂಡಸರು ಕುಳಿತರೆ ಏಳಿಸಲೇಬೇಕು. ಅಕ್ಕ ಆಯುಷ್ಯವಿಡೀ ಜಮಖಂಡಿ, ಮುಧೋಳದ ಬಸ್ಸಿನಲ್ಲಿ ಏಳಿಸುತ್ತಲೇ ಬಂದವಳು. ನಾನು ನಾಚಿಕೆಯಿಂದ ಅಲ್ಲಿಗೆ ಓಡುವಷ್ಟರಲ್ಲಿ ಅವರು ಎದ್ದು, ಚೀಲವನ್ನೂ ಹೆಗಲಿಗೆ ಹಾಕಿಕೊಂಡಾಗಿತ್ತು!

"ಕೂಡ್ರಿ, ಕೂಡ್ರಿ! ನಮ್ಮ ಸೀಟು ಹಿಂದಿನವು. ಅಕ್ಕಗ ತಿಳಿದಿಲ್ಲ," ಎಂದೆ.

ಅವರೂ ಒಂದು ಕ್ಷಣ ನಿಂತು ಯೋಚಿಸಿ ನಕ್ಕರು. "ನಂದು ಬೀಳಗಿ ರೀ. ಸಾಲಿಗೆ ಹೋಗುವಾಗಿಂದ ಬಸ್ಸಿನಾಗ ಹಿಂಗ ಎಬ್ಬಿಸಿಕೊಂಡೇನಿ. ಇವರು ಏಳ ಅಂದ ಕೂಡಲೆ ಕಾಲು ತಾವ ಎದ್ದುವು."

ಅಕ್ಕ ಅವರನ್ನು ಮೆಚ್ಚಿ ತಲೆಯಾಡಿಸಿದಳು. "ಬೀಳಗ್ಯಾವರಿಗೆ ರೀತಿ ಗೊತ್ತೈತಿ ನೋಡ," ಎಂದಳು. ಆದರೆ ಅವರು ಮತ್ತೆ ಅಲ್ಲೇ ಕುಳಿತದ್ದನ್ನು ಮಾತ್ರ ಕೋಲ್ಕತ್ತಾ ಬರುವವರೆಗೂ ಒಪ್ಪಲಿಲ್ಲ.

ಪರದೆ

ವಿಮಾನ ಮೇಲೇರಿದ ಮೇಲೆ ಗಗನಸಖಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಿಳಿ ಟವೆಲು ತಂದಳು. ಅಕ್ಕ ಮುಖ ಒರೆಸಿದಳು, ಕುತ್ತಿಗೆ ಒರೆಸಿದಳು, ಕಾಲೊರೆಸಿದಳು, ಕೊನೆಗೆ ಮುಂದಿನ ಹಲಗೆಯನ್ನೂ ಒರೆಸಿ ಮಡಿಚಿ ಕೊಟ್ಟಳು. ಆಮೇಲೆ ಬಿಳಿ ಬಟ್ಟೆ ಹಾಸಿ, ಪಿಂಗಾಣಿ ತಟ್ಟೆಯಲ್ಲಿ ಊಟ ಬಂತು. ಅಷ್ಟರಲ್ಲೇ ಹಿಂದಿನವರಿಗೂ ನಮಗೂ ನಡುವೆ ಪರದೆ ಎಳೆದರು.

"ಪರದೆ ಯಾಕ ಎಳದ್ರು?"

"ನಾವು ಉಣ್ಣೋದು ಅವರಿಗೆ ಕಾಣಬಾರದು ಅಂತ ಯಕ್ಕಾ."

"ಕಾಣಬಾರದಂಥಾದ್ದು ಏನ ಉಣ್ಣಾಕತ್ತೇವಿ ಬೇ?"

ಅಕ್ಕ ಎದ್ದಳು. ಕೈಚೀಲದಲ್ಲಿ ನಲವತ್ತು ಒಣಗಿಸಿದ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಇದ್ದವು. ಪರದೆ ಸರಿಸಿ ಒಳಗೆ ಹೋದವಳು ಹತ್ತು ನಿಮಿಷ ಬರಲಿಲ್ಲ. ಗಗನಸಖಿ ಗಾಬರಿಯಾಗಿ ಅವಳ ಹಿಂದೆ ಹೋದಳು. ತಿರುಗಿ ಬಂದಾಗ ಅಕ್ಕನ ಚೀಲ ಖಾಲಿ. ಗಗನಸಖಿಯ ಕೈಯಲ್ಲೂ ಒಂದು ರೊಟ್ಟಿ.

"ಚೂರ ಚೂರ ಎಲ್ಲಾರೂ ಉಂಡ್ರು," ಎಂದಳು ಅಕ್ಕ ಸಮಾಧಾನದಿಂದ ಕೂರುತ್ತ. "ಈಗ ಎಳಿ ಅನ್ನ ಪರದೆ. ನಾವಿನ್ನೂ ಉಂಡಿಲ್ಲ ಅಂತ ಅವರಿಗೆ ಕೆಟ್ಟ ಅನಸಬಾರದು."

ಕಿಟಕಿ

ಊಟವಾದ ಮೇಲೆ ಅಕ್ಕ ಮೊದಲ ಸಲ ಕಿಟಕಿಯಿಂದ ಹೊರಗೆ ನೋಡಿದಳು. ಗಾಜಿಗೆ ಹಣೆ ಹಚ್ಚಿ ಕುಳಿತಳು. ಕೆಳಗೆ ಹೊಲಗಳು ಜೋಡಿಸಿಟ್ಟ ಕುಪ್ಪಸದ ಖಣಗಳಂತಿದ್ದವು. ಒಂದು ನದಿ ಬಂತು, ಹೋಯಿತು. ಗುಡ್ಡಗಳು ಬಂದವು, ಹೋದವು. ಮತ್ತೆ ಹೊಲ, ಮತ್ತೆ ನದಿ.

"ಇದ ಏನ ನಿಮ್ಮೂರು?"

"ಅಲ್ಲ ಯಕ್ಕಾ, ಇನ್ನೂ ದೂರ."

ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಕೇಳಿದಳು. ನಾನೂ ಅದನ್ನೇ ಹೇಳಿದೆ. ಹೀಗೆ ನಾಲ್ಕೈದು ಸಲ ಆಯಿತು. ಆಮೇಲೆ ಕಿಟಕಿಯಿಂದ ಮುಖ ತೆಗೆಯದೆಯೇ ಅಕ್ಕ ಅಂದಳು: "ಇಷ್ಟು ಭೂಮಿ ದಾಟಿ, ಮೂರ ದಿನದಾಗ ಹೆಂಗ ಬಂದು ಮುಟ್ಟಿದಿ ಬೇ?"

ನಾನು ಕಣ್ಣೊರೆಸಿಕೊಂಡೆ. ಗಗನಸಖಿ ನೋಡಿ, ಕಿವಿ ನೋಯುತ್ತಿದೆಯೇ ಎಂದು ಕೇಳಿ ಪೆಪ್ಪರಮಿಂಟಿನ ತಟ್ಟೆ ಹಿಡಿದಳು. ನಾನು ಒಂದು ತೆಗೆದುಕೊಂಡೆ. ಅಕ್ಕ ನಾಲ್ಕು ತೆಗೆದುಕೊಂಡಳು.

ವಸ್ತಿ ಗಾಡಿ

ಎಲ್ಲ ಮುಗಿಯಿತು, ಇನ್ನು ಸುಖವಾಗಿ ಮನೆಗೆ ಹೋಗುತ್ತೇವೆ ಎಂದು ನಾನು ತಿಳಿದಿದ್ದರೆ ಅಕ್ಕ ವಿಮಾನ ಇಳಿಯುವ ಮುಂಚೆ ಹೇಳಿದಳು: "ಸಿಟ್ಟಿಲ್ಲ ಬೇ ನಂದು. ಆದ್ರ ಆಡಿದ ಮಾತು ಆಡಿದ್ದ. ಹೊಸ್ತಿಲಾ ತುಳಿಯಂಗಿಲ್ಲ. ಹೊರಗ ನಿಂತು ಮನಿ ನೋಡಿ, ನೀರು ಕುಡದು, ಇದ ಗಾಡಿಗೆ ತಿರುಗಿ ಹೋಗತೇನಿ."

ವಿಮಾನ ನಿಂತಿತು. ಫಸ್ಟ್ ಕ್ಲಾಸಿನವರು ಮೊದಲು ಇಳಿಯಬೇಕು. ಬಾಗಿಲಲ್ಲಿ ಪೈಲಟ್ ಕೈಮುಗಿದು ನಿಂತಿದ್ದ. ಇನ್ನೂ ಮೂವತ್ತು ತುಂಬದ ಪಂಜಾಬಿ ಹುಡುಗ. ಅಕ್ಕ ಅವನ ಮುಂದೆ ನಿಂತು ಕೇಳಿದಳು.

"ತಮ್ಮಾ, ಇದು ವಸ್ತಿ ಗಾಡಿ ಏನು, ತಿರುಗಿ ಹೋಗೋದು?"

ನಮ್ಮ ಕಡೆ ಸಂಜೆ ಹಳ್ಳಿಗೆ ಬಂದು ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಹೊರಡುವ ಬಸ್ಸಿಗೆ ವಸ್ತಿ ಗಾಡಿ ಎನ್ನುತ್ತಾರೆ. ಪೈಲಟ್ ನನ್ನ ಮುಖ ನೋಡಿದ. ನಾನು ಹಿಂದಿಯಲ್ಲಿ ಕೇಳಿದೆ. ಇನ್ನೊಂದು ಗಂಟೆಗೆ ಇದೇ ವಿಮಾನ ತಿರುಗಿ ಬೆಂಗಳೂರಿಗೆ ಹೊರಡುತ್ತದೆ ಎಂದ.

"ಏನಂತಾನ?" ಎಂದಳು ಅಕ್ಕ.

ಎಪ್ಪತ್ತು ವರ್ಷದಲ್ಲಿ ನಾನು ಅಕ್ಕನಿಗೆ ಸುಳ್ಳು ಹೇಳಿದ್ದಿಲ್ಲ. "ವಸ್ತಿ ಗಾಡಿ ಅಂತ ಯಕ್ಕಾ," ಎಂದೆ.

"ಎಷ್ಟ ದಿನ ವಸ್ತಿ?"

"ಹದಿನೈದು ದಿನ."

ಅಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಹದಿನೈದು ದಿನ! ಈ ಹುಡುಗನ ಊಟದ ಗತಿ?"

ಇದೊಂದು ನನಗೆ ಹೊಳೆದಿರಲಿಲ್ಲ. ವಸ್ತಿ ಗಾಡಿಯ ಡ್ರೈವರ್ ಕಂಡಕ್ಟರು ಉಪವಾಸ ಮಲಗಿದರೆ ಅದು ಊರಿಗೇ ಅವಮಾನ. ಯಾರಾದರೊಬ್ಬರು ಮನೆಗೆ ಕರೆದು ಉಣ್ಣಿಸಲೇಬೇಕು. ಅಕ್ಕ ಪೈಲಟ್‌ನ ಮುಂಗೈ ಗಟ್ಟಿಯಾಗಿ ಹಿಡಿದಳು. "ತಮ್ಮಾ, ಹೋಟೆಲದಾಗ ಉಣಬ್ಯಾಡ. ನಮ್ಮ ಮನಿ ಐತಿ ಇಲ್ಲೇ. ನಿನ್ನ ಕಂಡಕ್ಟರನ್ನೂ ಕರಕೊಂಡ ಬಾ. ರೊಟ್ಟಿ ನಾ ಬಡೀತೇನಿ."

ಹಿಂದೆ ನೂರೈವತ್ತು ಮಂದಿ ಇಳಿಯಲು ಕಾಯುತ್ತಿದ್ದರು. ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ಪೈಲಟ್ ಕೇಳಿದ. ಆಶೀರ್ವಾದ ಮಾಡುತ್ತಿದ್ದಾಳೆ ಎಂದೆ. ಅವನು ಬಗ್ಗಿ ಅವಳ ಕಾಲು ಮುಟ್ಟಿ ನಮಸ್ಕರಿಸಿದ.

"ಬರತಾನಂತ?" ಎಂದಳು ಅಕ್ಕ.

"ಬರತಾನಂತ," ಎಂದೆ.

ಮನೆ ಮುಟ್ಟಿದೆವು. ನಾನು ಬಾಗಿಲು ತೆರೆದು, ಏನು ಹೇಳಿ ಒಳಗೆ ಕರೆಯಲಿ ಎಂದು ಯೋಚಿಸುತ್ತ ನಿಂತಿದ್ದೆ. ಅಕ್ಕ ನನ್ನನ್ನು ಬದಿಗೆ ಸರಿಸಿ, "ಜ್ವಾಳದ ಹಿಟ್ಟು ಎಲ್ಲಿಟ್ಟಿ ಬೇ?" ಎನ್ನುತ್ತ ಹೊಸ್ತಿಲು ದಾಟಿ ಸೀದಾ ಅಡಿಗೆಮನೆಗೆ ನಡೆದಳು.

ಅವತ್ತು ಇಪ್ಪತ್ತು ರೊಟ್ಟಿ ಬಡಿದಳು. ಪೈಲಟ್ ಬರಲಿಲ್ಲ. ಮರುದಿನವೂ ಬಡಿದಳು. ಹದಿನೈದನೆಯ ದಿನ ನನಗೆ ತಡೆಯಲಾಗಲಿಲ್ಲ. ನಾನು ಹೇಳಿದ್ದೆಲ್ಲ ಸುಳ್ಳೆಂದು ಒಪ್ಪಿಕೊಂಡೆ. ಅಕ್ಕ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಅವತ್ತ ಗೊತ್ತಾತು ನನಗ. ಅಷ್ಟ ದೊಡ್ಡ ಗಾಡಿ ಹದಿನೈದು ದಿನ ವಸ್ತಿ ಹಾಕತಾರೇನ ಹುಚ್ಚಿ? ನಿನ್ನ ಮಾರಿ ನೋಡಿ ಸುಮ್ಮನಾದೆ."

"ಮತ್ತ ಈ ರೊಟ್ಟಿ?"

"ನಿಂದು ಸುಳ್ಳಿರಬಹುದು, ನಾ ಆ ಹುಡುಗನ್ನ ಕರದದ್ದು ಖರೇನ. ಊಟಕ್ಕ ಕರದು, ಉಣಿಸದ ಹೋಗಾಕ ಬರತೈತೇನು? ಅಂವ ಬರೂತನಾ ನಾ ಊರಿಗೆ ಹೋಗಂಗಿಲ್ಲ."