ತಾಳಕ್ಕೆ ಸಿಗದ ಜಾಝ್ ಪ್ಲೇಟು

ಇದನ್ನು ಹೇಳಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತ, ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ತಪ್ಪು ಒಪ್ಪಿಕೊಳ್ಳುವುದು ಹಲ್ಲು ಕೀಳಿಸಿಕೊಂಡ ಹಾಗೆ. ಆಸ್ಪತ್ರೆಯ ಬಾಗಿಲಿಗೆ ಹೋದ ಕೂಡಲೇ ನೋವು ಕಡಿಮೆಯಾದಂತೆನಿಸಿ ವಾಪಸು ಬಂದುಬಿಡುತ್ತೇವೆ. ನಾನು ಕೊಟ್ಟೂರಿನ ಭಜನಾ ಮೇಳದಲ್ಲಿ ನಲವತ್ತು ವರ್ಷ ತಾಳ ಹಾಕಿದವನು. ನನ್ನ ಓದು ಹೈಸ್ಕೂಲಿಗೇ ನಿಂತಿತು, ಅಹಂಕಾರ ಮಾತ್ರ ಮುಂದಕ್ಕೂ ಓದಿತು. ಯಾರಾದರೂ ಲಯ ಬಿಟ್ಟರೆ ತಾಳ ನಿಲ್ಲಿಸಿ ಅವರ ಮುಖ ನೋಡುತ್ತಿದ್ದೆ. ಈರುಳ್ಳಿ ಹೆಚ್ಚುತ್ತಿದ್ದ ಹೆಂಡತಿಗೆ "ಒಂದೇ ಲಯದಾಗ ಹೆಚ್ಚು" ಎಂದು ಹೇಳಿ, ಉಳಿದ ಈರುಳ್ಳಿಯನ್ನೆಲ್ಲ ನಾನೇ ಹೆಚ್ಚಿದ್ದೂ ಉಂಟು.

ಇಂಥವನಿಗೆ ಮಗಳು ರೆಕಾರ್ಡ್ ಪ್ಲೇಯರ್ ತಂದುಕೊಟ್ಟಳು. ಜೊತೆಗೆ ಒಂದೇ ಒಂದು ಜಾಝ್ ಪ್ಲೇಟು. ಬಹಳ ಹೆಸರಾದ ಹೆಣ್ಣುಮಗಳೊಬ್ಬಳು ತಾನೇ ಪಿಯಾನೋ ನುಡಿಸುತ್ತ ತಾನೇ ಹಾಡಿದ್ದು. ಇಂಗ್ಲಿಷ್ ತಿಳಿಯದಿದ್ದರೇನು, ತಾಳ ತಿಳಿಯುತ್ತದಲ್ಲ ಎಂದು ತೊಡೆಯ ಮೇಲೆ ಲೆಕ್ಕ ಹಾಕುತ್ತ ಕೂತೆ. ಪೆಟ್ಟು ಬಿದ್ದಲ್ಲಿ ಆಕೆ ಇಲ್ಲ. ಪೆಟ್ಟು ದಾಟಿದ ಮೇಲೆ, ಸಂತೆಯಲ್ಲಿ ಗೆಳತಿ ಸಿಕ್ಕಿದ್ದಳೆಂಬಂತೆ ನಿಧಾನ ಬರುತ್ತಾಳೆ. ಮೆಷಿನ್ನೇ ಕೆಟ್ಟಿದೆ ಎಂದು ತೀರ್ಮಾನಿಸಿ ಬಸ್ ನಿಲ್ದಾಣದ ಹಿಂದಿನ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ರೇಡಿಯೊ ಕಾಲದಿಂದ ಅಲ್ಲೇ ಕೂತ ಮೇಸ್ತ್ರಿ ಬಿಚ್ಚಿ ನೋಡಿದರು.

"ಹೊಸಾ ಬೆಲ್ಟ್ ಹಾಕೀನ್ರಿ ಅಣ್ಣಾರ. ಮೆಷಿನ್ ಸರಿ ಐತಿ."

"ಸರಿ ಇದ್ರ ಆಯಮ್ಮ ಯಾಕ ತಡಾ ಮಾಡ್ತಾಳ?"

"ಅದನ್ನ ಆಯಮ್ಮನ್ನ ಕೇಳ್ರಿ, ನಾ ಏನ್ ಹೇಳ್ಲಿ?"

ಮೂರು ಸಲ ಹೊತ್ತೊಯ್ದೆ, ಮೂರು ಸಲವೂ ಬಿಚ್ಚಿದರು. ಅಷ್ಟಕ್ಕೇ ಬಿಡದೆ, ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ, "ಮೇಸ್ತ್ರಿಗೆ ವಯಸ್ಸಾತು, ಕೈ ಹಿಡಿತ ಹೋಗೇತಿ" ಎಂದೆ. ತಾಳದವನ ಮಾತೆಂದು ಊರು ನಂಬಿತು. ಚಿಗಟೇರಿಯಿಂದ ಅವರ ಹತ್ತಿರ ಮಿಕ್ಸಿ ರಿಪೇರಿಗೆ ತರುತ್ತಿದ್ದವರೂ ಹರಪನಹಳ್ಳಿಗೆ ಹೋಗತೊಡಗಿದರು.

ಮಗಳು ಬಂದಾಗ ದೂರಿದೆ. ಆಕೆ ಅದೇ ಹಾಡನ್ನು ಮೊಬೈಲಿನಲ್ಲಿ ಹಾಕಿದಳು. ಅಲ್ಲೂ ಅದೇ ತಡ.

"ಅಪ್ಪಾ, ಆಕಿ ಬೇಕಂತನ ಹಿಂದ ಹಾಡ್ತಾಳ. ಅದಕ್ಕ ಆಕಿಗೆ ಅಷ್ಟು ಹೆಸರು."

"ಮೊದಲ ಹೇಳಾಕ ಏನಾಗಿತ್ತು?"

"ನೀ ಯಾರನ್ನರ ಕೇಳ್ತೀಯೇನು?"

ಮರುದಿನವೇ ಕ್ಷಮೆ ಕೇಳಲು ಹೋದೆ. ನನ್ನನ್ನು ಕಂಡು ಮೇಸ್ತ್ರಿಯ ಮುಖ ಸಣ್ಣದಾಯಿತು. "ಮತ್ತ ಕೆಟ್ಟೇತೇನ್ರಿ?"

"ಇಲ್ರಿ, ಈಗ ಚಲೋ ಐತಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾರ ಕೈ ಇನ್ನೂ ಐತಿ ಬಿಡ್ರಿ. ನನಗೂ ಅನುಮಾನ ಬಂದುಬಿಟ್ಟಿತ್ತು" ಎಂದು ನಕ್ಕು, ಚಹಾ ಹೇಳಿದರು. ಮೆಷಿನ್ ಎಂದೂ ಕೆಟ್ಟಿರಲಿಲ್ಲ ಎನ್ನಲು ಬಾಯಿ ತೆರೆದವನು ಚಹಾ ಕುಡಿದೆ. ಬೇಕೇ ಇರದಿದ್ದ ರಿಪೇರಿಯನ್ನು ಹೊಗಳಿಯೂ ಬಂದೆ.

ಎದುರಿಗೆ ಆಡಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನ ಸುಳ್ಳನ್ನು ಅಷ್ಟು ಸಲೀಸಾಗಿ ನಂಬಿದ ಜನ ಇದೊಂದು ನಿಜವನ್ನೂ ನಂಬಿ, ಕೆಟ್ಟ ಮಿಕ್ಸಿ, ಫ್ಯಾನುಗಳನ್ನು ಆ ಅಂಗಡಿಗೇ ಒಯ್ಯಬೇಕು. ಬೋರ್ಡಿನ ಅಕ್ಷರಗಳು ಅಳಿಸಿಹೋಗಿವೆ. ಹುಡುಕುವವರು ಹೆಸರು ಹಿಡಿದು ಕೇಳಿ: ಇಮಾಮ್ ಸಾಬ್.