ಭಾಕರಿಗೆ ರಜೆ, ಫೆಟಾಕ್ಕೆ ಹಾಜರಿ

ನಮ್ಮ ಕಡೆ ಒಬ್ಬನಿಗೆ ಸಕ್ಕರೆ ಕಾಯಿಲೆ ಬಂತೆಂದರೆ ಅದು ಅವನೊಬ್ಬನದಾಗಿ ಉಳಿಯುವುದಿಲ್ಲ. ಮನೆಯವರಿಗೆ ಕೆಲಸ ಸಿಗುತ್ತದೆ, ನೆಂಟರಿಗೆ ಮಾತು ಸಿಗುತ್ತದೆ, ಊರಿಗೆ ಬಿಟ್ಟಿ ತಮಾಷೆ ಸಿಗುತ್ತದೆ. ನಿಲಂಗಾದ ಬಜಾರಿನಲ್ಲಿ ಜೋಳ, ಅಕ್ಕಿ, ಬೆಲ್ಲ ಮಾರಿಕೊಂಡು ಮೂವತ್ತು ವರ್ಷ ಸುಖವಾಗಿದ್ದ ನನಗೂ ಹೋದ ವರ್ಷ ಈ ಭಾಗ್ಯ ಒಲಿಯಿತು. ಅಂದಿನಿಂದ ಏನಾದರೊಂದು ನಡೆಯುತ್ತಲೇ ಇದೆ. ಎಲ್ಲವನ್ನೂ ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ, ಆದ್ದರಿಂದ ಕೆಲವನ್ನು ಮಾತ್ರ ಹೇಳುತ್ತೇನೆ.

ಎರಡೇ ಭಾಕರಿ

ದಸರೆಗೆ ಸ್ವಲ್ಪ ಮುಂಚೆ ಹೆಂಡತಿ ನನ್ನನ್ನು ಉದಗೀರದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ರಿಪೋರ್ಟ್ ನೋಡಿ ಹುಬ್ಬು ಗಂಟು ಹಾಕಿದರು.

"ಜ್ವಾಳದ ಭಾಕರಿ ಎಷ್ಟು ತಿಂತೀರಿ?"

"ಎರಡು ರೀ."

"ದಿನಕ್ಕ ಎರಡೇ?"

ನಾನು ಹೌದೆಂದು ತಲೆಯಾಡಿಸುವಷ್ಟರಲ್ಲಿ ಹೆಂಡತಿ ನಡುವೆ ಬಂದಳು. "ಎರಡು ಅಂದ್ರ ಮುಂಜಾನಿ ನಾಷ್ಟಾಕ್ಕ ರೀ ಸಾಹೇಬ್ರ. ಊಟದ್ದು ಬ್ಯಾರೆ. ಊಟ ಆದ ಮ್ಯಾಲ ಮಜ್ಜಿಗಿ ಜೋಡಿ ಇನ್ನೊಂದು ತಿಂತಾರ. ಅದನ್ನ ಇವ್ರು ಭಾಕರಿ ಅನ್ನಲ್ಲ, ಬಾಯಿ ಚೊಕ್ಕ ಮಾಡ್ಕೊಳ್ಳೂದು ಅಂತಾರ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೂರು ತಿಂಗಳು ಟೈಮ್ ಕೊಡ್ತೀನಿ. ಭಾಕರಿ, ಅನ್ನ, ಸಿಹಿ ಎಲ್ಲಾ ಬಂದ್. ಎಳ್ಳಮಾಸಿ ಹಬ್ಬದ ದಿನ ದವಾಖಾನಿಗೆ ಸೂಟಿ ಇರ್ತದ, ಮರುದಿನ ಖಾಲಿ ಹೊಟ್ಟಿಲೆ ಬರ್ರಿ. ಅವತ್ತು ಸಕ್ಕರಿ ಇಳದಿರಲಿಲ್ಲ ಅಂದ್ರ ದಿನಾ ಇನ್ಸುಲಿನ್ ಸೂಜಿ."

ಸೂಜಿ ಎಂದರೆ ನನ್ನ ಜೀವ ಹೋಗುತ್ತದೆ. ಅಂಗಡಿಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ ಕಂಡರೂ ಆ ಕಡೆ ಮುಖ ತಿರುಗಿಸುವವನು ನಾನು. ಹೇಳಿದ ಹಾಗೆ ಕೇಳುತ್ತೇನೆಂದು ಅಲ್ಲೇ ಆಣೆ ಮಾಡಿದೆ. ಡಾಕ್ಟರು ನನ್ನತ್ತ ನೋಡಲೂ ಇಲ್ಲ. ಹೆಂಡತಿಗೆ ಹೇಳಿದರು: "ವೈನಿ, ಮುಂದಿನ ಸಲ ಇವ್ರನ್ನ ಕರಕೊಂಡು ಬರ್ರಿ, ಆದ್ರ ಮಾತು ನೀವೇ ಆಡ್ರಿ."

ಬಸ್ಸಿನಲ್ಲಿ ಬಂದ ಫೆಟಾ

ನಮ್ಮ ಸೊಸೆ ಸೋಲಾಪುರದವಳು. ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ, ನನಗೆ ಬೇಕಾದದ್ದು ಲೋ-ಕಾರ್ಬ್ ಊಟವೆಂದು ತೀರ್ಮಾನಿಸಿದಳು. ಎಂದರೆ ಕಾಳುಕಡಿಯ ಊಟ ಬಿಟ್ಟು ತರಕಾರಿ ತಿನ್ನುವುದು, ಅದರ ಮೇಲೆ ಫೆಟಾ ಚೀಸ್ ಉದುರಿಸಿಕೊಳ್ಳುವುದು. ಈ ಫೆಟಾ ನೋಡಲು ಪನೀರಿನಂತೆಯೇ ಇರುತ್ತದೆ, ಆದರೆ ಅದನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ನಿಲಂಗಾದಲ್ಲಿ ಅದರ ಹೆಸರು ಕೇಳಿದವರೇ ಇರಲಿಲ್ಲ. ಹೀಗಾಗಿ ಅವಳ ತಾಯಿ ಒಂದು ಡಬ್ಬಿ ಕೊಂಡು, ಸೋಲಾಪುರದಲ್ಲಿ ಬಸ್ ಕಂಡಕ್ಟರ ಕೈಗೆ ಕೊಟ್ಟರು. ನಮ್ಮಲ್ಲಿ ಕಂಡಕ್ಟರ ಮೇಲಿರುವಷ್ಟು ಭರವಸೆ ಸ್ವಂತ ಅಳಿಯನ ಮೇಲೂ ಇರುವುದಿಲ್ಲ.

ಸಂಜೆ ಬಸ್ ಸ್ಟ್ಯಾಂಡಿಗೆ ಹೋದೆ. ಕಂಡಕ್ಟರ ಮುಖ ಗಂಭೀರವಾಗಿತ್ತು.

"ಶೇಠ್, ನಿಮ್ಮ ಪನೀರ ಖರಾಬ ಆಗಿತ್ತು ನೋಡ್ರಿ. ಡಬ್ಬಿ ಸೋರ್ಲತ್ತಿತ್ತು. ತೆಗ್ದು ನೋಡಿದ್ರ ಪೂರಾ ನೀರು ಬಿಟ್ಟದ. ಯೆಣೆಗೂರ ಧಾಬಾದಾಗ ನೀರು ಚೆಲ್ಲಿ ಮೂರು ಸಲ ತೊಳದೆ. ಆದ್ರೂ ಉಪ್ಪು ಹೋಗವಲ್ದು."

"ಆಮ್ಯಾಲ?" ಎಂದೆ.

"ಹಿಂಗೇ ಒಯ್ದು ಕೊಟ್ರ ಶೇಠಗ ಹೊಟ್ಟಿ ಕೆಡ್ತದ ಅಂತ ಧಾಬಾದಂವಾ ಅಂದ. ಮಸಾಲಿ ಹಾಕಿ ಪಾಲಕ್ ಪನೀರ ಮಾಡಿ ಕೊಟ್ಟಾನ. ರೊಕ್ಕಾ ಬ್ಯಾಡ ಅಂದ ಪಾಪ."

ಡಬ್ಬಿ ತೆರೆದರೆ ಅರ್ಧವೇ ಇತ್ತು. ಉಳಿದರ್ಧ ಎಲ್ಲಿ ಎಂದು ಕೇಳಿದೆ.

"ನಿಮಗ ಕೊಡೂ ಮುಂಚೆ ನಾವು ತಿಂದು ನೋಡಬ್ಯಾಡೇನ್ರಿ? ನನಗೂ ಏನೂ ಆಗಿಲ್ಲ, ಡ್ರೈವರಗೂ ಏನೂ ಆಗಿಲ್ಲ. ಬೇಫಿಕರ್ ತಿನ್ರಿ."

ಹೂಕೋಸಿನ ಅನ್ನ

ಎರಡನೆಯ ಡಬ್ಬಿಯನ್ನು ಸೊಸೆಯ ಅಣ್ಣನೇ ತಂದು ಕೊಟ್ಟ. ಅವತ್ತು ಅವಳು ಹೂಕೋಸನ್ನು ಹೆರೆದು, ಬಾಡಿಸಿ, ಅದಕ್ಕೆ ಅನ್ನವೆಂದು ಹೆಸರಿಟ್ಟಳು. ಉಪ್ಪು ಹಾಕಿದಳು. ಅವಳು ಫೋನ್ ನೋಡಲು ಆ ಕಡೆ ಹೋದಾಗ, ಹೊಸ ಹುಡುಗಿ ಮರೆತಿರಬಹುದೆಂದು ನನ್ನ ಹೆಂಡತಿಯೂ ಒಂದು ಹಿಡಿ ಹಾಕಿದಳು. ಕೊನೆಗೆ ಮೇಲಿಂದ ಫೆಟಾ ಬಿತ್ತು, ಅದು ಹುಟ್ಟಿನಿಂದಲೇ ಉಪ್ಪು.

"ಹ್ಯಾಂಗಾಗ್ಯಾದ ಮಾವಾರ?" ಎಂದು ಸೊಸೆ ಕೇಳಿದಳು.

ಎರಡು ತುತ್ತು ನುಂಗಿದೆ. ಒಂದಾದ ಮೇಲೊಂದು ಮೂರು ತಂಬಿಗೆ ನೀರು ಕುಡಿದು ತಾಟು ಸರಿಸಿದೆ.

ಸೊಸೆ ಅತ್ತೆಯ ಕಡೆ ಹೆಮ್ಮೆಯಿಂದ ತಿರುಗಿದಳು. "ನೋಡ್ರಿ ಅತ್ತಿ, ನಾ ಹೇಳಿದ್ದಿಲ್ಲಾ? ಎರಡು ತುತ್ತಿಗೇ ಹೊಟ್ಟಿ ತುಂಬ್ತದ."

ಅಯ್ಯನವರ ಪರೀಕ್ಷೆ

ತಿಂಗಳಿಗೊಮ್ಮೆ, ಸೋಮವಾರದ ದಿನ, ಜಂಗಮ ಗುರುಗಳಾದ ಅಯ್ಯನವರು ನಮ್ಮ ಮನೆಗೆ ಪ್ರಸಾದಕ್ಕೆ, ಎಂದರೆ ಊಟಕ್ಕೆ, ಬರುತ್ತಾರೆ. ಅವರು ಉಂಡ ಮೇಲೆಯೇ ನಮ್ಮ ಊಟ. ಆ ಸೋಮವಾರ ಸೊಸೆ ಡಬ್ಬಿಯ ಮೇಲಿನ ಅಕ್ಷರ ಓದಿ, ಇದು ಕುರಿ ಹಾಲಿನದೆಂದು ಕಂಡುಹಿಡಿದಳು. ನನ್ನ ಹೆಂಡತಿ ಅಲ್ಲೇ ಕೂತುಬಿಟ್ಟಳು.

"ಕುರಿ ಹಾಲಾ? ಇಷ್ಟು ದಿನ ದೇವರ ಮನಿ ಮಗ್ಗುಲದಾಗ ಇಟ್ಟಿದ್ದೆನಲ್ಲೇ ಯವ್ವಾ!"

ತಕರಾರು ಅಯ್ಯನವರ ಮುಂದೆ ಹೋಯಿತು. ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹಸಿರು ಚುಕ್ಕೆ ಕಂಡು ಸಮಾಧಾನಪಟ್ಟರು. "ಹಾಲು ಅಂದ ಮ್ಯಾಲ ಹಾಲೇ. ಆದ್ರ ತಿಂದು ನೋಡದೆ ಹ್ಯಾಂಗ ಹೇಳೂದು?" ಎಂದರು.

ಸುಟ್ಟ ಬದನೆಕಾಯಿ ಹಿಸುಕಿ, ಫೆಟಾ ಬೆರೆಸಿ, ಮೇಲೆ ಅಗಸಿ ಚಟ್ನಿಪುಡಿ ಉದುರಿಸಿ ಬಡಿಸಿದೆವು. ತಿಂದರು. ಒಮ್ಮೆಗೆ ತಿಳಿಯಲಿಲ್ಲವೆಂದು ಮತ್ತೆ ಹಾಕಿಸಿಕೊಂಡರು. ಶಾಸ್ತ್ರದ ವಿಷಯದಲ್ಲಿ ಅವಸರ ಸಲ್ಲದೆಂದು ಮೂರನೆಯ ಸಲವೂ ಹಾಕಿಸಿಕೊಂಡರು. ಡಬ್ಬಿ ಖಾಲಿಯಾಯಿತು. ನಾವು ಕೈಮುಗಿದು ನಿಂತೇ ಇದ್ದೆವು.

ಅಯ್ಯನವರು ತಾಟು ತೊಳೆದು ಆ ನೀರನ್ನೂ ಕುಡಿದು, ತೀರ್ಪು ಕೊಟ್ಟರು. "ಇದು ಶಾಕಾಹಾರ ಹೌದು, ಸಂಶಯ ಇಲ್ಲ. ಆದ್ರ ಊಟ ಅಲ್ಲ. ಈಗ ಊಟ ಬಡಸ್ರಿ."

ಅಂಗಡಿಗೆ ಬಂದ ಕುತ್ತು

ಮನೆಯಲ್ಲಿ ನಡೆದದ್ದು ಮನೆಯಲ್ಲಿ ಉಳಿದರೆ ಅದು ನಿಲಂಗಾ ಹೇಗಾದೀತು? ಮಧ್ಯಾಹ್ನ ಅಂಗಡಿಯ ಗಲ್ಲಾದ ಹತ್ತಿರ ಕೂತು ಸೌತೆಕಾಯಿ, ಫೆಟಾ ತಿನ್ನುವ ನನ್ನನ್ನು ಗಿರಾಕಿಗಳು ನೋಡತೊಡಗಿದರು. ಜೋಳ ಕೊಳ್ಳಲು ಬಂದ ಹಳೆಯ ಗಿರಾಕಿಯೊಬ್ಬ ಒಂದು ಹಿಡಿ ಕಾಳು ಎತ್ತಿ ಮೂಸಿದ, ಬೆಳಕಿಗೆ ಹಿಡಿದ, ವಾಪಸು ಚೀಲಕ್ಕೆ ಸುರಿದ.

"ಯಾಕೋ? ಚೊಲೋ ಜ್ವಾಳ ಅದ," ಎಂದೆ.

"ಚೊಲೋ ಇದ್ರ ನೀವ್ಯಾಕ ತಿನ್ನಲ್ರಿ ಶೇಠ್?"

ಡಾಕ್ಟರು, ಸಕ್ಕರೆ, ಸೂಜಿ ಎಲ್ಲ ವಿವರಿಸಿದೆ. ಆತ ಮರ್ಯಾದೆಯಿಂದ ಪೂರಾ ಕೇಳಿ, ಹೊರಗೆ ಹೋಗಿ ಹೇಳಿದ್ದು ಇಷ್ಟೇ: ಶೇಠ ತಮ್ಮ ಅಂಗಡಿ ಜೋಳ ತಿಂದು ಜಡ್ಡು ಬಿದ್ದಾರ.

ಎದುರು ಅಂಗಡಿಯವ ಮಾತ್ರ ಬುದ್ಧಿವಂತ. ನನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಮರುದಿನದಿಂದ ಅಂಗಡಿಯ ಹೊರಗೆ ಕುರ್ಚಿ ಹಾಕಿಕೊಂಡು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ, ಎರಡು ಹೊತ್ತೂ ಭಾಕರಿ ತಿನ್ನಲು ಕೂತ.

ಉಮರ್ಗಾದ ಶಿಷ್ಯ

ನನ್ನ ಹೆಂಡತಿಯ ತಮ್ಮ ಉಮರ್ಗಾದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಾನೆ. ನನ್ನನ್ನು ನೋಡಲು ಬಂದವನು, ನಾನು ಸ್ವಲ್ಪ ಇಳಿದಿರುವುದನ್ನು ಕಂಡು ತಾನೂ ಲೋ-ಕಾರ್ಬ್ ಹಿಡಿಯುತ್ತೇನೆಂದು ಹೊರಟ. ಸೊಸೆ ಉತ್ಸಾಹದಿಂದ ಮೆಂತ್ಯ ಸೊಪ್ಪು, ಫೆಟಾದ ಪಲ್ಯ ಕಲಿಸಿ, ಒಂದು ಡಬ್ಬಿಯನ್ನೂ ಕೊಟ್ಟು ಕಳಿಸಿದಳು. ಹದಿನೈದು ದಿನ ಬಿಟ್ಟು ಫೋನ್ ಮಾಡಿದ.

"ದಾಜೀ, ಈ ಲೋ-ಕಾರ್ಬ್ ಭಾಳ ಭಾರಿ ಅದ. ಇದರ ಜೋಡಿ ಎರಡು ಭಾಕರಿ ಜಾಸ್ತೀನೇ ಹೋಗ್ತಾವ ನೋಡ್ರಿ."

ಎಳ್ಳಮಾಸಿ

ಹೀಗೆ ಬೈಸಿಕೊಂಡು, ನಗೆಪಾಟಲಾಗಿ, ಗಿರಾಕಿ ಕಳೆದುಕೊಂಡು ಮೂರು ತಿಂಗಳು ದೂಡಿದೆ. ಒಂದೇ ಒಂದು ದಿನ ಉಳಿದಿತ್ತು. ಆ ಒಂದು ದಿನವೇ ಎಳ್ಳಮಾಸಿ.

ನಮ್ಮ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಊರಲ್ಲಿ ನಾಯಿಯೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಜೋಳದ ಕಣಿಕೆಯಿಂದ ಕೊಪ್ಪಿ ಎಂಬ ಸಣ್ಣ ಗುಡಿಸಲು ಕಟ್ಟಿ, ಒಳಗೆ ಪಾಂಡವರೆಂದು ಐದು ಕಲ್ಲಿಟ್ಟು ಪೂಜಿಸಿ, ಬಂದವರಿಗೆಲ್ಲ ಉಣಿಸುತ್ತಾರೆ. ಹೊಲದ ದಾರಿಯಲ್ಲಿ ಹೋಗುವ ಗುರುತಿಲ್ಲದವನನ್ನೂ ಬಿಡುವುದಿಲ್ಲ. ಆ ದಿನ ಒಲ್ಲೆ ಎಂದವನನ್ನು ಕಾಯಿಲೆಯವನೆಂದು ಯಾರೂ ಅನ್ನುವುದಿಲ್ಲ, ಸೊಕ್ಕಿನವನೆನ್ನುತ್ತಾರೆ.

ನಮ್ಮ ಹಬ್ಬ ವಲಾಂಡಿಯಲ್ಲಿ, ಹೆಂಡತಿಯ ಅಕ್ಕನ ಹೊಲದಲ್ಲಿ; ಹೆಂಡತಿ ಬೆಳಗ್ಗೆಯೇ ಅಲ್ಲಿಗೆ ಹೋಗಿದ್ದಳು. ಸೊಸೆ ನನಗೆ ಸ್ಟೀಲ್ ಡಬ್ಬಿಯಲ್ಲಿ ಬದನೆಕಾಯಿ, ಸೌತೆಕಾಯಿ, ಫೆಟಾ ಕಟ್ಟಿಕೊಟ್ಟಳು. ಅದನ್ನು ಎದೆಗವಚಿಕೊಂಡು ನಡೆದೆ. ಮೊದಲನೆಯ ಹೊಲದಲ್ಲೇ ಅಡ್ಡಗಟ್ಟಿದರು.

"ನನಗ ಸಕ್ಕರಿ ಅದ ರೀ," ಎಂದೆ.

"ಹಂಗಿದ್ರ ಅಂಬಲಿ ಕುಡೀರಿ. ಅದರಾಗ ಎಲ್ಲಿ ಸಕ್ಕರಿ?"

ಮುಂದಿನ ಹೊಲದವರು ಇನ್ನೂ ಜಾಣರು. "ಡಾಕ್ಟ್ರು ಭಾಕರಿ ಬ್ಯಾಡ ಅಂದಾರ. ಸಜ್ಜಿ ಉಂಡಿ ಬ್ಯಾಡ ಅಂತ ಬರ್ದು ಕೊಟ್ಟಾರೇನು?"

ಇಬ್ಬರಿಗೂ ಈಗ ಬಂದೆ ಎಂದು ಸುಳ್ಳು ಹೇಳಿ, ಕಡಲೆ ಹೊಲದ ನಡುವೆ ಹಾದು, ತುದಿಯಲ್ಲಿದ್ದ ಒಂದು ಕೊಪ್ಪಿಯ ಹಿಂದೆ ಅಡಗಲು ಹೋದೆ. ಅಲ್ಲಿ ಮೊದಲೇ ಒಬ್ಬರು ಅಡಗಿದ್ದರು. ತೊಡೆಯ ಮೇಲೆ ತಾಟು, ತಾಟಿನ ತುಂಬ ಗೋಧಿ ಹುಗ್ಗಿ, ಹುಗ್ಗಿಯ ಮೇಲೆ ತುಪ್ಪ. ಇನ್ನೂ ಕೈ ಹಚ್ಚಿರಲಿಲ್ಲ, ಕಣ್ಣಲ್ಲೇ ಉಣ್ಣುತ್ತಿದ್ದರು. ನೋಡಿದರೆ ನನ್ನ ಉದಗೀರದ ಡಾಕ್ಟರು!

"ಸಾಹೇಬ್ರ, ನೀವಾ?"

"ಶ್! ಇವತ್ತು ನಾ ಡಾಕ್ಟರ್ ಅಲ್ಲ, ಈ ಹೊಲದವರ ಊಟಕ್ಕ ಬಂದ ಪಾವಣ್ಯಾ."

"ಪಾವಣ್ಯಾ ಆದ್ರ ಕೊಪ್ಪಿ ಹಿಂದ ಯಾಕ ಕುಂತೀರಿ?"

"ನನಗೂ ಸಕ್ಕರಿ ಅದ ರೀ. ಎಂಟು ವರ್ಷ ಆತು. ನಮ್ಮಾಕಿ ಒಳಗ ಅದಾಳ, ಮೆಲ್ಲಕ ಮಾತಾಡ್ರಿ."

ಮೆಲ್ಲಗೆ ಮಾತಾಡುವ ಮೊದಲೇ ಕೊಪ್ಪಿಯ ಆ ಕಡೆಯಿಂದ, "ಎಲ್ಲಿ ಹೋದ್ರಿ?" ಎಂದು ಹೆಣ್ಣುದನಿ ಬಂತು. ಮುಂದಿನದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ನಡೆಯಿತು. ಹುಗ್ಗಿಯ ತಾಟು ನನ್ನ ಕೈಯಲ್ಲಿತ್ತು, ನನ್ನ ಡಬ್ಬಿ ಡಾಕ್ಟರ ಕೈಯಲ್ಲಿತ್ತು. ಇಷ್ಟು ಚುರುಕು ಕೈಯನ್ನು ನಾನು ಅವರ ದವಾಖಾನೆಯಲ್ಲೂ ಕಂಡಿರಲಿಲ್ಲ.

ಡಾಕ್ಟರ ಹೆಂಡತಿ ಬಂದರು. ದವಾಖಾನೆಯ ಕೌಂಟರಿನಲ್ಲಿ ಚೀಟಿ ಬರೆಯುವವರು ಅವರೇ, ನನ್ನ ಗುರುತು ಚೆನ್ನಾಗಿ ಇತ್ತು.

"ಶೇಠರ! ನಾಳಿ ಟೆಸ್ಟ್ ಇಟ್ಕೊಂಡು ಹುಗ್ಗಿ ತಿನ್ಲತ್ತೀರಿ? ನಾಚಿಕಿ ಬರಲ್ಲೇನ್ರಿ? ನಮ್ಮವ್ರನ್ನ ನೋಡಿ ಕಲೀರಿ, ಹಬ್ಬದ ದಿನಾನೂ ಸೌತಿಕಾಯಿ ತಿನ್ಲತ್ತಾರ!"

ಡಾಕ್ಟರು ತಲೆ ತಗ್ಗಿಸಿ, ಮುಖ ಹಿಂಡುತ್ತ, ಫೆಟಾ ಅಗಿಯುತ್ತಿದ್ದರು. ನಾನು ತಾಟು ಕೆಳಗಿಡಬಹುದಿತ್ತು ಅನ್ನುತ್ತೀರಿ. ಇಡುವ ಹಾಗಿರಲಿಲ್ಲ. ನಮ್ಮಲ್ಲಿ ಪ್ರಸಾದದ ತಾಟು ಕೈಗೆ ಬಂದರೆ ಒಂದು ಅಗುಳೂ ಬಿಡದೆ ಖಾಲಿ ಮಾಡಬೇಕು. ಧರ್ಮಕ್ಕಾಗಿ ತಿಂದೆ ಎಂದರೆ ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಮೂರು ತಿಂಗಳ ಮೇಲೆ ಹುಗ್ಗಿ ನಾಲಗೆಗೆ ತಾಕಿದಾಗ ನಿಜವಾಗಿ ಕಣ್ಣೀರು ಬಂತು. ತಾಟು ಖಾಲಿಯಾಗುವುದನ್ನೇ ಕಾಯುತ್ತಿದ್ದ ಹೊಲದವರು ಮತ್ತೆರಡು ಸೌಟು ಸುರಿದರು. ಅದೂ ಪ್ರಸಾದವೇ.

ಮರುದಿನ ಉದಗೀರದ ಬಸ್ಸಿನಲ್ಲಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಕೂತಿದ್ದೆ, ಆ ಸೂಜಿ ಅಲ್ಲಿಗೇ ಚುಚ್ಚುತ್ತಾರಂತೆ. ಹೆಂಡತಿ ಹಬ್ಬದ ಪಾತ್ರೆ ತೊಳೆಯುವುದಿದೆಯೆಂದು ಬಂದಿರಲಿಲ್ಲ, ಅದೊಂದು ಪುಣ್ಯ. ರಕ್ತ ಕೊಟ್ಟೆ. ರಿಪೋರ್ಟ್ ಬಂತು. ಡಾಕ್ಟರು ನೋಡಿದರು, ಹುಬ್ಬು ಗಂಟಾಯಿತು, ಕೈ ಸೂಜಿಯ ಪೆಟ್ಟಿಗೆಯ ಕಡೆ ಹೋಯಿತು.

ನಾನು ದನಿ ತಗ್ಗಿಸಿದೆ. "ಸಾಹೇಬ್ರ, ನಿನ್ನಿ ಆ ತಾಟು ಯಾರದಿತ್ತು ಅಂತ ಹೊರಗ ಕೌಂಟರಿನಾಗ ಕುಂತ ವೈನಿಯವ್ರಿಗೆ ಹೇಳ್ಲೇನ್ರಿ?"

ಕೈ ಪೆಟ್ಟಿಗೆಯಿಂದ ಪೆನ್ನಿನ ಕಡೆ ತಿರುಗಿತು. "ಹಬ್ಬದ ಮರುದಿನದ ರಿಪೋರ್ಟ್ ಖರೇ ಅಂದ್ರ ಹಿಡಿಯೂ ಹಂಗಿಲ್ಲ," ಎಂದು ಡಾಕ್ಟರು ಗಂಭೀರವಾಗಿ ಬರೆದರು. "ಇನ್ನೊಂದು ತಿಂಗಳು ಪಥ್ಯ ಮಾಡ್ರಿ, ಆಮ್ಯಾಲ ನೋಡೂಣು." ಕೆಳಗೆ ಸಹಿ ಹಾಕಿದರು. ನಾನು ಚೀಟಿಯನ್ನು ಮಡಿಸಿ ಒಳಜೇಬಿಗೆ ಇಟ್ಟುಕೊಂಡೆ.

ಏಳುವಾಗ ಡಾಕ್ಟರು ನನ್ನ ಕೈ ಹಿಡಿದರು. "ಶೇಠರ, ನನ್ನದೊಂದು ಕೆಲಸ ಮಾಡ್ರಿ. ನಾ ನಿನ್ನಿ ಆ ಬಿಳೀದು ತಿಂದದ್ದು ನೋಡಿ ನಮ್ಮಾಕಿ ಭಾಳ ಖುಷ್ ಆಗ್ಯಾಳ. ಇನ್ನ ದಿನಾ ಎರಡು ಹೊತ್ತೂ ಅದನ್ನೇ ಮಾಡ್ತೀನಿ ಅಂತ ಹಟ ಹಿಡದಾಳ. ಎಲ್ಲಿ ಸಿಗ್ತದ ಅಂತ ಕೇಳಿದ್ರ, ಎಲ್ಲೂ ಸಿಗಲ್ಲ ಅಂದುಬಿಡ್ರಿ. ನಿಮ್ಮ ಕೈ ಮುಗೀತೀನಿ."

"ನನ್ನ ಮ್ಯಾಲ ಬಿಡ್ರಿ ಸಾಹೇಬ್ರ," ಎಂದು ಮಾತು ಕೊಟ್ಟು ಹೊರಗೆ ಬಂದೆ.

ಕೌಂಟರಿನಿಂದ ಡಾಕ್ಟರ ಹೆಂಡತಿ ಕರೆದರು. "ಶೇಠರ, ನಿಲ್ರಿ. ನಿನ್ನಿ ನೀವು ನಮ್ಮವ್ರಿಗೆ ಕೊಟ್ಟಿದ್ದ ಆ ಬಿಳೀದು ಎಲ್ಲಿ ಸಿಗ್ತದ?"

ಅವರ ಹಿಂದೆ, ಪರದೆಯ ಸಂದಿಯಲ್ಲಿ, ಡಾಕ್ಟರು ಎರಡೂ ಕೈ ಜೋಡಿಸಿ ನಿಂತಿದ್ದರು. ಕೊಟ್ಟ ಮಾತು ನೆನಪಿತ್ತು. ಮುಂದಿನ ತಿಂಗಳು ಇದೇ ಡಾಕ್ಟರ ಕೈಯಲ್ಲಿ ಸೂಜಿ ಇರುತ್ತದೆಂಬುದೂ ಗೊತ್ತಿತ್ತು. ಆದರೆ ಏನು ಮಾಡಲಿ, ಎದುರಿಗೆ ನಿಂತು ಕೇಳುತ್ತಿದ್ದದ್ದು ಗಿರಾಕಿ.

"ತಿಂಗಳಿಗೆ ಎಷ್ಟು ಡಬ್ಬಿ ಕಳಸ್ಲಿ ರೀ ವೈನಿ?" ಎಂದುಬಿಟ್ಟೆ.