ಗುಳಿಗೆಗೊಂದು ಜಗಳ

ಬೆಟಗೇರಿಯ ಖಾಜಾಸಾಬನಿಗೆ ಜಗಳವಾಡಲು ಬರುತ್ತಿರಲಿಲ್ಲ. ಇದು ಅವನ ದೊಡ್ಡತನವಲ್ಲ, ಕಸುಬಿನ ದೋಷ. ಹುಲಕೋಟಿ, ಮಲ್ಲಸಮುದ್ರಗಳ ಓಣಿ ಓಣಿ ತಿರುಗಿ ಹೆಣ್ಣುಮಕ್ಕಳ ಕೈಗೆ ಬಳೆ ತೊಡಿಸಿ ಬದುಕಿದವನು. ಬಿರುಸು ಮಾತಿನ ಬಳೆಗಾರನ ಮುಂದೆ ಯಾರು ಕೈ ಚಾಚುತ್ತಾರೆ? ‘ಕೈ ಸಡ್ಲ ಬಿಡವ್ವಾ, ನೋಯಂಗಿಲ್ಲ’ ಎಂದು ಹೇಳಿ ಹೇಳಿ ಅವನ ನಾಲಿಗೆಯೇ ಸಡಿಲಾಗಿಹೋಗಿತ್ತು. ಬಳೆ ಒಡೆದರೂ ‘ಒಡೀತು’ ಎನ್ನುವವನಲ್ಲ, ‘ಹೆಚ್ಚಾತು’ ಎನ್ನುತ್ತಿದ್ದ. ಕೆಟ್ಟ ನುಡಿ ಬಳೆಗಾರನ ಬಾಯಲ್ಲಿ ಬರಬಾರದು ಎಂಬುದು ಅವನ ಅಪ್ಪನ ಕಾಲದ ಕಟ್ಟಳೆ.

ಅಂಥವನು ಮುಪ್ಪಿನಲ್ಲಿ ದಿನಾ ಬೆಳಿಗ್ಗೆ ಹೆಂಡತಿ ರೋಶನಬಿಯ ಮೇಲೆ ಯುದ್ಧ ಸಾರತೊಡಗಿದ. ಗದಗ ಆಗಷ್ಟೇ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು. ‘ಜಿಲ್ಲಾನ ಬ್ಯಾರೆ ಆತು, ಇನ್ನ ಗಂಡ ಹೆಂಡತಿದೇನು’ ಎಂದು ಓಣಿಯವರು ಮಾತಾಡಿಕೊಂಡರು.

ನಡೆದದ್ದು ಇಷ್ಟು. ಬಕ್ರೀದಿಗೆ ಮುಂಚೆ ರೋಶನಬಿ ಒಲೆಯ ಮುಂದೆ ಕುಸಿದುಬಿದ್ದಳು. ಬಾಯಿ ಒಂದು ಕಡೆಗೆ ವಾರೆಯಾಗಿತ್ತು. ಪಕ್ಕದ ಮನೆಯ ಶೇಖವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು, ರಿಕ್ಷಾ ತರಿಸಿ, ರೋಶನಬಿಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ದವಾಖಾನೆ ಮುಟ್ಟಿಸಿದಳು. ಖಾಜಾಸಾಬ ಮಾತ್ರ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಂಡತಿಯ ಹಸಿರು ಬಳೆಯ ಚೂರುಗಳನ್ನು ಆರಿಸುತ್ತಿದ್ದ. ಏನು ಮಾಡಬೇಕೆಂದು ತೋಚದಿದ್ದಾಗ ಅವನ ಕೈಗೆ ಗೊತ್ತಿದ್ದ ಕೆಲಸ ಅದೊಂದೇ.

ದೇವರು ದೊಡ್ಡವನು. ಬಾಯಿ ನೆಟ್ಟಗಾಯಿತು, ಮಾತೂ ಮರಳಿತು. (ಹೋದದ್ದಕ್ಕಿಂತ ತುಸು ಜಾಸ್ತಿಯೇ ಮರಳಿತು. ಖಾಜಾಸಾಬ ಅದಕ್ಕೂ ಸೇರಿಸಿ ದೇವರಿಗೆ ಶುಕ್ರ್ ಹೇಳಿದ.) ಬಿಪಿ ಗುಳಿಗೆ ದಿನಾ ತಪ್ಪದೆ ನುಂಗಬೇಕು, ಬಿಟ್ಟರೆ ಇನ್ನೊಂದು ಸಲ ಹೀಗೆ ಎದ್ದು ಬರುವ ಭರವಸೆ ತಾನು ಕೊಡಲಾರೆ ಎಂದರು ಡಾಕ್ಟರು. ಅದೇ ಹೊತ್ತಿಗೆ ಅಲ್ಲೇ ನಿಂತಿದ್ದ ಶೇಖವ್ವನ ಕೈಗೂ ಬಿಪಿ ಪಟ್ಟಿ ಕಟ್ಟಿ ನೋಡಿದ ನರ್ಸು ನೇತ್ರಾ, ಅವಳಿಗೂ ಅದೇ ಗುಳಿಗೆ ಕೊಟ್ಟು ಕಳಿಸಿದಳು.

ಆದರೆ ಮನೆಗೆ ಬಂದ ರೋಶನಬಿಗೆ ತನ್ನದೇ ವೈದ್ಯಶಾಸ್ತ್ರವಿತ್ತು.

“ಗುಳಿಗಿ ತಗೊಂಡಿಯೇನ?” ಎಂದ ಖಾಜಾಸಾಬ.

“ಯಾಕ ತಗೊಳ್ಳಲಿ? ತಲಿ ನೋಸಿದ್ರ ತಲಿನೋವಿನ ಗುಳಿಗಿ, ಜ್ವರ ಬಂದ್ರ ಜ್ವರದ ಗುಳಿಗಿ. ಬಿಪಿ ಬರೋದು ಸಿಟ್ಟಿಗೆ. ಇವತ್ತ ನನಗ ಸಿಟ್ಟ ಬಂದಿಲ್ಲ.”

“ಡಾಕ್ಟರು ದಿನಾ ಅಂದಾರ.”

“ಅವರಿಗೆ ದಿನಾ ಸಿಟ್ಟ ಬರತಿರಬೇಕು. ಪಾಪ, ಅವರ ತಗೊಳ್ಳಲಿ.”

ಖಾಜಾಸಾಬ ಬೇಡಿಕೊಂಡ, ಆಣೆ ಹಾಕಿದ, ಒಂದು ಹೊತ್ತು ಊಟ ಬಿಟ್ಟ. ಗುಳಿಗೆ ಗೋಡೆಯ ಮಾಡದಲ್ಲಿ ಕೂತೇ ಇತ್ತು. ಒಂದು ದಿನ ಸೊಸೆ ಗುಲ್ನಾಜ ಹಾಲು ಉಕ್ಕಿಸಿಬಿಟ್ಟಳು. ರೋಶನಬಿ ಒಲೆ ಒರೆಸಿ ಮುಗಿಯುವತನಕ ಸೊಸೆಯನ್ನು ಬೈದು, “ನೋಡ, ಸುಮ್ಮನ ಇದ್ದ ಬಿಪಿ ಏರಿಸಿದಿ” ಎನ್ನುತ್ತ ತಾನಾಗಿಯೇ ಹೋಗಿ ಗುಳಿಗೆ ಬಾಯಿಗೆ ಹಾಕಿಕೊಂಡಳು. ಚಾಪೆಯ ಮೇಲೆ ಕೂತಿದ್ದ ಖಾಜಾಸಾಬನಿಗೆ ಜ್ಞಾನೋದಯವಾಯಿತು. ದಿನಾ ಹಾಲು ಉಕ್ಕಿಸುವಂತೆ ಸೊಸೆಗೆ ಹೇಳಲಾಗದು. ಮನೆಯಲ್ಲಿ ಸಿಟ್ಟು ಬರಿಸಲು ಉಳಿದವನು ತಾನೊಬ್ಬನೇ.

ಮರುದಿನ ಬೆಳಿಗ್ಗೆ ಎದೆ ಗಟ್ಟಿ ಮಾಡಿಕೊಂಡು ಕಪ್ಪು ಕೆಳಗಿಟ್ಟ. “ರೋಶನಬಿ, ಈ ಚಹಾ...”

“ಏನಾಗೇತಿ ಚಹಾಕ್ಕ?”

“ಭಾಳ ಚಲೋ ಆಗೇತಿ.”

ಬಾಯಿಂದ ಬಂದದ್ದು ಅಷ್ಟೇ. ಅದರ ಮರುದಿನ ಬದನೆಕಾಯಿ ಪಲ್ಯಕ್ಕೆ ಉಪ್ಪಿಲ್ಲವೆಂದ. ರೋಶನಬಿ ಅಕ್ಕರೆಯಿಂದ ಉಪ್ಪಿನ ಡಬ್ಬಿಯನ್ನೇ ಮುಂದೆ ಸರಿಸಿದಳು. ಕೊನೆಗೆ, ಜಗತ್ತಿನ ಗಂಡಸರೆಲ್ಲ ಹಿಡಿದ ಹಾದಿಯನ್ನು ಅವನೂ ಹಿಡಿದ.

“ನಿಮ್ಮ ತವರು ಮುಳಗುಂದದವರ ಚಹಾನ ಹಿಂಗ. ನಿಮ್ಮಪ್ಪ ಸಕ್ಕರಿನ ಚಹಾಕ್ಕ ತೋರಿಸಿ ತಿರುಗಿ ಡಬ್ಬಿಗೆ ಹಾಕತಿದ್ದ.”

ರೋಶನಬಿ ಸೆರಗು ಸಿಕ್ಕಿಸಿದಳು. “ನಮ್ಮಪ್ಪನ ಸುದ್ದಿ ತಗದ್ರೇನು? ನಮ್ಮ ನಿಕಾಹದಾಗ ನಿಮ್ಮ ಶಿರಹಟ್ಟಿ ಮಂದಿ ಒಮ್ಮೆ ಉಂಡು, ಟೊಪಿಗಿ ಬದಲಿ ಮಾಡಿಕೊಂಡು ಮತ್ತೊಮ್ಮೆ ಉಣ್ಣಾಕ ಕುಂತಿದ್ರಲ್ಲ, ಆವಾಗ ನಮ್ಮಪ್ಪನ ಸಕ್ಕರಿ ಸಿಹಿ ಹತ್ತಿತ್ತೇನು?”

ಗಂಡನ ಹಿರಿಯರ ಊರಾದ ಶಿರಹಟ್ಟಿಯ ಮೂರು ತಲೆಮಾರು ಜಾಲಾಡಿ, ಏದುಸಿರು ಬಿಡುತ್ತ ಅವಳು ಗುಳಿಗೆ ನುಂಗಿದಳು. ಖಾಜಾಸಾಬ ಹಿತ್ತಲಿಗೆ ಹೋಗಿ ಎರಡೂ ಕೈ ಎತ್ತಿದ. ಇವತ್ತಿನದು ಮುಗಿಯಿತು, ನಾಳಿನ ಜಗಳಕ್ಕೂ ಅವಳು ಇರುತ್ತಾಳೆ ಎಂದು ಅವನ ಕಣ್ಣು ತುಂಬಿ ಬಂತು.

ಆದರೆ ದಿನಕ್ಕೊಂದು ಹೊಸ ಜಗಳ ಎಲ್ಲಿಂದ ತರುವುದು? ಹುಲಕೋಟಿಯಲ್ಲಿ ಬಳೆ ತೊಡಿಸುತ್ತಲೇ ಗುನುಗಿಕೊಂಡು ತಾಲೀಮು ಮಾಡುತ್ತಿದ್ದ. “ನಿಮ್ಮ ತವರಮನಿಯವರು ಮನಷ್ಯಾರೇನು” ಎಂದದ್ದು ಒಂದು ದಿನ ಜೋರಾಗಿ ಹೊರಬಿದ್ದು, ಗಿರಾಕಿ ಗದಿಗೆವ್ವ ಕೈ ಕಿತ್ತುಕೊಂಡಳು. “ತಪ್ಪಾತ ತಂಗಿ, ಅದು ನಿನಗಲ್ಲ. ನಾಳಿ ಮುಂಜಾನಿಗೆ ಇಟ್ಟದ್ದು” ಎಂದ ಖಾಜಾಸಾಬ. ಗದಿಗೆವ್ವ ಮತ್ತೆ ಕೈ ಚಾಚಲಿಲ್ಲ.

ಇತ್ತ ಗೋಡೆಯಾಚೆಯ ಶೇಖವ್ವನ ಕರುಳು ಚುರ್ರೆಂದಿತು. ತಾನು ತೊಡೆಯ ಮೇಲೆ ಮಲಗಿಸಿಕೊಂಡು ಉಳಿಸಿದ ಜೀವವನ್ನು ಈ ಗಂಡಸು ಬೈದು ಕೊಲ್ಲುತ್ತಿದ್ದಾನಲ್ಲ ಎಂದು ಮುಳಗುಂದದ ಕಡೆ ಹೊರಟವರ ಹತ್ತಿರ ಖಬರು ಕಳಿಸಿದಳು. ರೋಶನಬಿಯ ತಮ್ಮ ರಹಮಾನಸಾಬ ಅಕ್ಕನನ್ನು ಕರೆದೊಯ್ಯಲೆಂದೇ ಬಂದಿಳಿದ. ಪಡಸಾಲೆಯಲ್ಲಿ ಪಂಚಾಯ್ತಿ ಸೇರಿತು. ಶೇಖವ್ವ ಬಾಗಿಲ ಬಳಿ ಕೂತಳು.

“ಭಾವಾರ, ಇಷ್ಟು ವರ್ಷ ಇಲ್ಲದ್ದು ಈಗ ಏನು? ನಮ್ಮಕ್ಕಂದು ತಪ್ಪೇನೈತಿ ಹೇಳ್ರಿ.”

ಖಾಜಾಸಾಬ ಟೊಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಆಕಿದೇನೂ ತಪ್ಪಿಲ್ಲಪಾ. ಸಿಟ್ಟ ಬಂದ್ರಷ್ಟ ಗುಳಿಗಿ ನುಂಗತಾಳ. ನಾ ಏನ ಮಾಡ್ಲಿ? ಅವತ್ತ ಆಕಿ ಬಳಿ ಒಡದಾಗ...” ಎಂದವನು ಅಲ್ಲಿಗೇ ನಿಂತ. ಜನ್ಮದಲ್ಲಿ ಆಡದ ಮಾತು ಬಾಯಿಂದ ಬಂದಿತ್ತು. “ಇನ್ನೊಮ್ಮೆ ಆ ಚೂರು ಆರಸಾಕ ನನ್ನ ಕೈಲೆ ಆಗಂಗಿಲ್ಲ.”

ಶೇಖವ್ವ ಮೂಗು ಒರೆಸಿಕೊಂಡಳು. ರೋಶನಬಿ ಎದ್ದು, ಮಾಡದಿಂದ ಗುಳಿಗೆ ತೆಗೆದು, ಸಿಟ್ಟಿಲ್ಲದೆಯೇ ನುಂಗಿ ನೀರು ಕುಡಿದಳು. “ಆತಲ್ಲ. ಇನ್ನ ಮುಂದ ದಿನಾ ಹಿಂಗ ತಗೋತೀನಿ. ನಮ್ಮಪ್ಪನ್ನ ಬಿಡ್ರಿ, ಅವರು ಗೋರ್ಯಾಗರ ಆರಾಮ ಇರಲಿ.”

ಆ ವಾರವೇ ಇಬ್ಬರೂ ದವಾಖಾನೆಗೆ ಹೋದರು. ರೋಶನಬಿಯ ಬಿಪಿ ಇರಬೇಕಾದಲ್ಲೇ ಇತ್ತು. ಖಾಜಾಸಾಬ ಹಿಗ್ಗಿನಿಂದ ತನ್ನ ತೋಳನ್ನೂ ಮುಂದೆ ಮಾಡಿದ.

“ಕೈ ಸಡ್ಲ ಬಿಡ್ರಿ ಅಜ್ಜಾರ, ನೋಯಂಗಿಲ್ಲ” ಎಂದಳು ನೇತ್ರಾ. ಆ ಮಾತು ಹೇಳಿಸಿಕೊಳ್ಳುವುದು ಹೇಗಿರುತ್ತದೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಅವಳು ಎರಡೆರಡು ಸಲ ನೋಡಿ ಹುಬ್ಬೇರಿಸಿದಳು. “ಅಜ್ಜಿದಕ್ಕಿಂತ ನಿಮ್ಮದ ಮ್ಯಾಲೈತಿ. ನೀವೂ ದಿನಾ ಗುಳಿಗಿ ತಗೋಬೇಕು.”

ಮನೆಗೆ ಬಂದವನು ಗುಳಿಗೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. “ಜಗಳ ಬಿಟ್ಟೀವಲ್ಲ, ಅದು ತಾನಾಗೆ ಇಳೀತೈತಿ. ನನಗೆಲ್ಲಿ ಸಿಟ್ಟ ಬರತೈತಿ ರೋಶನಬಿ?”

ರೋಶನಬಿ ಜಗಳವಾಡಲಿಲ್ಲ. ತನ್ನ ಗುಳಿಗೆಯನ್ನು ಮಾಡದಲ್ಲಿ ವಾಪಸು ಇಟ್ಟು ಕೈಕಟ್ಟಿ ನಿಂತಳು. “ನೀವು ನುಂಗೂತನಕ ನಾನೂ ನುಂಗಂಗಿಲ್ಲ.” ಖಾಜಾಸಾಬ ನೀರಿಗೂ ಕಾಯದೆ ನುಂಗಿದ.

ಮನೆ ತಣ್ಣಗಾಯಿತು. ಆ ತಂಪಿನಲ್ಲೇ ಒಂದು ಬೆಳಿಗ್ಗೆ ಶೇಖವ್ವ ಹಿತ್ತಲ ಗೋಡೆಯ ಮೇಲೆ ಬಾಡಿದ ಮುಖವಿಟ್ಟಳು.

“ಅಣ್ಣಾರ, ಹ್ಯಾಂಗ ಹೇಳಲಿ... ನಿಮ್ಮ ಜಗಳ ಸುರು ಆತಂದ್ರ ನಂಗ ಗುಳಿಗಿ ನೆಪ್ಪಾಗತಿತ್ತು. ನೀವು ಬಿಟ್ಟಾಗಿಂದ ದಿನಾ ಮರತು, ನಿನ್ನೆ ತಲಿ ತಿರುಗಿ ಹಿತ್ತಲದಾಗ ಕುಂತ್ನಿ. ಬಿಡಿಸಿದಾಕಿ ನಾನ, ಖರೆ. ಆದ್ರೂ ಸ್ವಲ್ಪ, ಮುಂಜಾನಿ ಅಷ್ಟ...”

ಖಾಜಾಸಾಬ ಹೆಂಡತಿಯ ಮುಖ ನೋಡಿದ. ಹಿಟ್ಟಿನ ಕೈಯಲ್ಲಿ ಓಡಿಬಂದವಳ ಮಾತು ತೆಗೆದುಹಾಕುವುದುಂಟೆ? ರೋಶನಬಿ ಮಾಡದಿಂದ ಎರಡು ಗುಳಿಗೆ ತಂದು ಒಂದನ್ನು ಅವನ ಅಂಗೈಗೆ ಹಾಕಿದಳು. ಇಬ್ಬರೂ ನುಂಗಿ ಒಂದೇ ತಂಬಿಗೆಯ ನೀರು ಕುಡಿದರು. ಬಳಿಕ ಬಳೆಗಾರ ಗಂಟಲು ಸರಿಮಾಡಿಕೊಂಡು, ಗೋಡೆಯಾಚೆಗೂ ಕೇಳುವಂತೆ ದನಿ ಎತ್ತಿದ.

“ರೋಶನಬಿ, ನಿಮ್ಮ ಮುಳಗುಂದದವರು...”

“ಜೋರ ಅನ್ನರಿ,” ಎಂದು ರೋಶನಬಿ ಪಿಸುಗುಟ್ಟಿದಳು, “ಆಕಿಗೆ ಕಿವಿ ಸ್ವಲ್ಪ ಮಂದ.”